ಶ್ರಾವಣದಲ್ಲಿ ಮನೆ ಹೊಕ್ಕ ಕಾರ್ಬೋರೇಟರ್

ಮೊನ್ನೆ ತವರೂರು ಸಂತಪುರಕ್ಕೆ ಹೋಗಲು ಔರಾದ ಬಸ್ಸು ಹತ್ತಿದ್ದೆ. ನನ್ನ ಮುಂದಿನ ಸೀಟಿನ ಕೆಳಗೆ ಯಾರೋ ಪೆಟ್ರೋಲಿನ ಡಬ್ಬಿ ಇಟ್ಟಿದ್ದರು. ಅದಕ್ಕೆ ಮುಚ್ಚಳವಿರಲಿಲ್ಲ, ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು. ಬಸ್ಸು ಒಂದು ತಗ್ಗಿನಲ್ಲಿ ಕುಲುಕಿದ್ದೇ ತಡ, ವಾಸನೆ ಎದ್ದಿತು. ಉಳಿದವರು ಮೂಗಿಗೆ ಸೆರಗು, ಟವೆಲು ಒತ್ತಿಕೊಂಡರು. ನನಗೆ ಮಾತ್ರ ಬೆಳಿಗ್ಗೆ ಕುಡಿದ ಚಹಾ ಗಂಟಲಿಗೆ ಬಂತು. ಆ ವಾಸನೆಯಲ್ಲಿ ನಾನು ಒಂದು ಇಡೀ ಶ್ರಾವಣ ಮಾಸ ಕಳೆದಿದ್ದೇನೆ. ಅದರಲ್ಲೇ ಅಡುಗೆ ಮಾಡಿದ್ದೇನೆ, ಅದರಲ್ಲೇ ಲಿಂಗಪೂಜೆಗೆ ಕೂತಿದ್ದೇನೆ. ಶಿವ ಅದನ್ನು ಹೇಗೆ ಸಹಿಸಿಕೊಂಡನೋ ಅವನಿಗೇ ಗೊತ್ತು.

ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ನಮ್ಮವರು ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಹಾಯಕರು. ಅವರ ಊರು ಭಾಲ್ಕಿ ತಾಲ್ಲೂಕಿನ ಮೆಹಕರ. ನಮ್ಮ ಮಾವನವರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಎಮ್ಮೆ ಈಯಲು ಒದ್ದಾಡಿದರೂ ಔಷಧದ ಪೆಟ್ಟಿಗೆ ಕಟ್ಟಿಕೊಂಡು ತಮ್ಮ ಮೋಟರ್‌ಸೈಕಲ್ ಮೇಲೆ ಹೋಗುತ್ತಿದ್ದರಂತೆ. ನಮ್ಮವರು ಚಿಕ್ಕವರಿದ್ದಾಗ ಅದರ ಪೆಟ್ರೋಲ್ ಟಾಕಿಯ ಮೇಲೆ ಕೂತು ಊರೆಲ್ಲ ತಿರುಗಿದವರು. ಮಾವನವರು ತೀರಿಕೊಂಡ ಮೇಲೆ ಗಾಡಿ ಮೆಹಕರದ ಕೊಟ್ಟಿಗೆಯಲ್ಲಿ, ಹೊಟ್ಟಿನ ರಾಶಿಯ ಪಕ್ಕ ನಿಂತುಬಿಟ್ಟಿತ್ತು.

ಆ ವರ್ಷ ಬೇಸಿಗೆಯಲ್ಲಿ ಬಂಧುಗಳ ಮದುವೆ. ಊಟದ ಪಂಕ್ತಿ ಎದ್ದ ಮೇಲೆ ನಮ್ಮ ಭಾವನವರು, ಎಂದರೆ ನಮ್ಮವರ ಅಣ್ಣ, ಚಪ್ಪರದ ಕೆಳಗೆ ಕೂತು ಮಾತು ತೆಗೆದರು. ಭಾವನವರ ಬಾಯಲ್ಲಿ ಸದಾ ಗುಟಕಾ. ಮಾತಾಡುವಾಗ ಕೆಂಪು ಚೆಲ್ಲದಂತೆ ಮುಖ ಆಕಾಶಕ್ಕೆ ಎತ್ತಿಕೊಂಡಿರುತ್ತಾರೆ. ಎದುರಿಗೆ ಕೂತವರಿಗೆ ಅವರ ಗದ್ದ ಮಾತ್ರ ಕಾಣುತ್ತದೆ, ಅದೂ ಒದ್ದೆ.

"ಅಪ್ಪನ ಗಾಡಿ ಭಂಗಾರದವಗ ಹಾಕ್ತೇನಿ. ಒಂದು ಎಮ್ಮಿ ಕಟ್ಟೂ ಜಾಗಾ ತಿಂದು ಕುಂತದ." ಭಂಗಾರ ಅಂದರೆ ನಮ್ಮ ಕಡೆ ಗುಜರಿ.

"ಅಣ್ಣಾ, ಭಂಗಾರಕ್ಕ ಬ್ಯಾಡ. ನನಗ ಕೊಡು," ಅಂದರು ನಮ್ಮವರು.

"ನೀ ಏನ್ ಮಾಡ್ತಿ? ಎದುರಿಗಿ ಇಟ್ಟು ಆರತಿ ಎತ್ತತಿಯೇನು?"

ಜನ ನಕ್ಕರು. ನಗು ಸಿಕ್ಕಿದ ಮೇಲೆ ಭಾವನವರಿಗೆ ಹುರುಪು ಬಂತು. "ಆಯ್ತು ಕೊಡ್ತೇನಿ. ಅಪ್ಪನ ಪುಣ್ಯತಿಥಿ ಶ್ರಾವಣದ ಕಡೀಗಿ ಬರ್ತದ. ಆವತ್ತ ಬೀದರದಿಂದ ಅದರ ಮ್ಯಾಲೇ ಕುಂತು ನಮ್ಮ ಬಾಗಲಕ್ಕ ಬಾ. ಓಡಿಸ್ಕೋಂತ ಬಂದ್ರ ನಿಂದು. ದಬ್ಬಕೋಂತ ಬಂದಿ ಅಂದ್ರ ಅಲ್ಲೇ ಭಂಗಾರದವ ನಿಂತಿರ್ತಾನ, ನೋಡು. ಎಲ್ಲಾರೂ ಕೇಳ್ರಿ, ಇದು ನನ್ನ ಮಾತು."

ಎಲ್ಲರೂ ಕೇಳಿದರು. ನಾನೂ ಕೇಳಿದೆ. ಸತ್ತ ತಂದೆಯ ವಸ್ತುವನ್ನು ಪಂದ್ಯಕ್ಕಿಡುವುದೇ? ಹೋಳಿಗೆ ಉಂಡ ಬಾಯಿ ಕಹಿಯಾಯಿತು.

ಮುಂಗಾರು ಹಿಡಿದ ಮೇಲೆ ಟೆಂಪೋದಲ್ಲಿ ಗಾಡಿ ಬಂತು. ಇಳಿಸುವಾಗ ಸೀಟಿನಿಂದ ಇಲಿ ಹಿಕ್ಕೆ ಉದುರಿತು. ಟಾಕಿಯ ಮುಚ್ಚಳ ಯಾವ ಕಾಲಕ್ಕೋ ಕಳೆದುಹೋಗಿ, ಬಾಯಿಗೆ ಹಳೆಯ ಧೋತರದ ಚಿಂದಿ ತುರುಕಿದ್ದರು. ಅದು ಜಿಡ್ಡುಗಟ್ಟಿ ಸತ್ತ ಪ್ರಾಣಿಯ ಹಾಗೆ ಕಾಣುತ್ತಿತ್ತು. ನಮ್ಮವರು ಅದನ್ನು ಕೈಯಿಂದಲೇ ಎಳೆದು, ಮೂಸಿ ನೋಡಿ, "ಅಪ್ಪನ ಧೋತರ," ಅಂದರು. ನಾನು ಒಳಗೆ ಹೋಗಿ ಕೈ ತೊಳೆದುಕೊಂಡೆ, ಮುಟ್ಟಿರದಿದ್ದರೂ. ಇಲಿಗಳು ಗೂಡು ಕಟ್ಟಿದ್ದವು, ಆದರೆ ಗೂಡು ಖಾಲಿ ಇತ್ತು. ಅಷ್ಟು ದಯೆ ಶಿವ ತೋರಿಸಿದ.

ಮೊದಲು ಕೆಲಸ ಅಂಗಳದಲ್ಲಿ ನಡೆಯಿತು. ಮಳೆ ಶುರುವಾದ ಮೇಲೆ ಪಡಸಾಲೆಗೆ ಬಂತು. ಶ್ರಾವಣ ಹತ್ತುವ ಹೊತ್ತಿಗೆ ಕಾರ್ಬೋರೇಟರ್ ಎಂಬುದು ಗಾಡಿಯಿಂದ ಕಳಚಿಕೊಂಡು ನನ್ನ ಅಡುಗೆಮನೆಯ ಕಟ್ಟೆ ಏರಿ ಕೂತಿತು. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಮುಷ್ಟಿಯಷ್ಟು ಗಾತ್ರ, ಕರಿ ಜಿಡ್ಡು, ಮೈತುಂಬ ತೂತು. ಒಂದು ದಿನ ನೋಡುತ್ತೇನೆ, ನನ್ನ ಹಾಲು ಕಾಯಿಸುವ ಬೋಗುಣಿಯಲ್ಲಿ ಅದನ್ನು ಪೆಟ್ರೋಲು ಹಾಕಿ ನೆನೆಯಿಟ್ಟಿದ್ದಾರೆ.

"ರೀ, ಇದು ಹಾಲಿನ ಬೋಗುಣಿ!"

"ತೊಳದ್ರ ಹೋಗ್ತದ ಬಿಡು."

"ನಿಮ್ಮ ತಲಿಯಾಗಿಂದು ತೊಳದ್ರ ಹೋಗ್ತದೇನ್ರಿ?"

ಅವರು ಕೋಪ ಮಾಡಿಕೊಳ್ಳಲಿಲ್ಲ. ಪಾಠ ಹೇಳಲು ಶುರು ಮಾಡಿದರು. "ಜರಾ ಕೇಳು. ಗಾಳಿ, ಪೆಟ್ರೋಲು ಎರಡೂ ಕೂಡಸಿ ಇಂಜಿನ್ನಿಗಿ ಕೊಡೂದು ಇದರ ಕೆಲಸ. ಗಾಳಿ ಹೆಚ್ಚಾದ್ರ ಕೆಮ್ಮತದ, ಪೆಟ್ರೋಲ್ ಹೆಚ್ಚಾದ್ರ ಕರೇ ಹೊಗಿ ಉಗಳತದ. ಹದಾ ಬೇಕು. ನಿನ್ನ ಝುಣಕಾ ಇದ್ದಂಗ."

"ನನ್ನ ಝುಣಕಾ ಯಾವಾಗ ಕೆಮ್ಮ್ಯದ್ರಿ?"

ಆ ಬೋಗುಣಿಯನ್ನು ಬೂದಿ ಹಾಕಿ ತಿಕ್ಕಿದೆ, ಹುಣಸೆ ಹುಳಿ ಹಾಕಿ ತಿಕ್ಕಿದೆ, ಬಿಸಿಲು ಬಂದ ದಿನ ಬೋರಲು ಹಾಕಿದೆ. ಹಾಲು ಕಾಯಿಸಿದರೆ ಕೆನೆಯಲ್ಲೂ ಪೆಟ್ರೋಲು. ಬೆಳಿಗ್ಗೆ ಅವರ ಕೈ ತಾಗಿದ ರೊಟ್ಟಿಯ ಮೇಲೆ ಕರಿ ಬೆರಳಚ್ಚು ಇರುತ್ತಿತ್ತು. ಶ್ರಾವಣ ಸೋಮವಾರದ ಉಪವಾಸ ಬಿಡಲು ಮಾಡಿದ ಸಜ್ಜಕ ನಾರಿತು. ಓಣಿಯ ಆಕಳಿಗೆ ಹಾಕಿದೆ. ಆಕಳು ಮೂಸಿ ನನ್ನ ಮುಖ ನೋಡಿ ಹೋಯಿತು. ಆ ದಿನ ಆಕಳೊಂದೇ ನನ್ನ ಪಕ್ಷದಲ್ಲಿತ್ತು. ಇನ್ನೊಂದು ದಿನ ಅವರು ಬೋಗುಣಿ ಎತ್ತಿಕೊಂಡು ಒಲೆಯ ಹತ್ತಿರ ಬಂದಾಗ ನಾನು ಗ್ಯಾಸು ಆರಿಸಿ ಆಗಷ್ಟೇ ತಿರುಗಿದ್ದೆ. ಒಂದು ಗಳಿಗೆ ಮೊದಲು ಬಂದಿದ್ದರೆ ಈ ಬರಹ ಬರೆಯಲು ನಾನು ಇರುತ್ತಿರಲಿಲ್ಲ. ಕೈ ಮುಗಿದೆ, ಆಮೇಲೆ ಬಾಯಿ ತುಂಬ ಬೈದೆ.

ಗಾಡಿ ಮೊದಲ ಸಲ ಚಾಲೂ ಆದದ್ದು ಒಂದು ಭಾನುವಾರ. ಓಣಿಗೆಲ್ಲ ಹೊಗೆ. ಅವರು ಸ್ಕ್ರೂಡ್ರೈವರ್ ಹಿಡಿದು ಕಾರ್ಬೋರೇಟರ್ ಪಕ್ಕ ಕುಕ್ಕರಗಾಲಲ್ಲಿ ಕೂತರು. ನನಗೆ ಹ್ಯಾಂಡಲಿನ ಕೈಹಿಡಿ ತಿರುವಿ ಹಿಡಿದುಕೊಳ್ಳಲು ಹೇಳಿದರು. ಗಾಳಿಯ ಸ್ಕ್ರೂ ಒಂದಿಷ್ಟು ಒಳಗೆ ತಿರುಗಿಸುವುದು, ಕಿವಿಗೊಡುವುದು, ಒಂದಿಷ್ಟು ಹೊರಗೆ ತಿರುಗಿಸುವುದು, ಮತ್ತೆ ಕಿವಿಗೊಡುವುದು. ಗಾಡಿ ಮೊದಲು ಕುಂಟಿತು, ಎಡವಿತು, ಹಿಂದಿನ ಕೊಳವೆಯಿಂದ ಕರಿ ನೀರು ಉಗುಳಿ ನನ್ನ ಸೀರೆಯ ಅಂಚು ಕೆಡಿಸಿತು. ಆಮೇಲೆ ಇದ್ದಕ್ಕಿದ್ದಂತೆ ಸದ್ದು ಒಂದೇ ಸಮನಾಯಿತು.

"ಕೇಳು, ಕೇಳು. ಹ್ಯಾಂಗ ಉಸಿರಾಡ್ತದ!"

"ನಾ ಉಸಿರು ಬಿಗಿ ಹಿಡದು ನಿಂತೇನಿ, ನಿಮ್ಮ ಗಾಡಿ ಉಸಿರಾಡ್ತದ. ಆಯ್ತ್ರಿ?"

ಪಂಚಮಿಗೆ ನನ್ನನ್ನು ತವರಿಗೆ ಅದರ ಮೇಲೆಯೇ ಕರೆದೊಯ್ಯುತ್ತೇನೆಂದು ಹಟ ಹಿಡಿದರು. ಮೆಹಕರಕ್ಕೆ ಹೋಗುವ ಮೊದಲು ಒಂದು ಪರೀಕ್ಷೆಯೂ ಆಯಿತು ಎಂಬುದು ಅವರ ಲೆಕ್ಕ. ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಬೀದರ ದಾಟುವವರೆಗೆ ರೇಷ್ಮೆಯ ಹಾಗೆ ಹೋಯಿತು. ಔರಾದ ರಸ್ತೆಯ ಒಂದು ಏರಿನಲ್ಲಿ ಒಂದು ಸಲ ಬಿಕ್ಕಿತು. ಮತ್ತೆ ಬಿಕ್ಕಿತು. ಆಮೇಲೆ ಸುಮ್ಮನೆ ಸತ್ತುಹೋಯಿತು. ಕೆಳಗಿಳಿದು ಅವರು ರಬ್ಬರಿನ ನಳಿಗೆ ಬಾಯಿ ಹಚ್ಚಿ ಪೆಟ್ರೋಲು ಜಗ್ಗಿದರು, ಥೂ ಎಂದು ಉಗುಳಿದರು, ಮತ್ತೆ ಜಗ್ಗಿದರು. ಗಂಡನ ತುಟಿ ಪೆಟ್ರೋಲಿನಲ್ಲಿ ಒದ್ದೆಯಾದದ್ದನ್ನು ನೋಡುವುದು ಯಾವ ಹೆಂಡತಿಗೂ ಬೇಡ.

ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಕಂಬಳಿಯೊಳಗಿನಿಂದ ಕೇಳಿದ, "ಏನಾಗ್ಯದ್ರೀ ಅಕ್ಕಾರ?"

"ಗಾಡಿ ನಿಂತದಪಾ."

"ನನ್ನ ಕುರಿ ನಿಂತ್ರ ಜರಾ ಹುಲ್ಲು ತೋರಸ್ತೇನ್ರಿ. ಇದಕ್ಕೇನು ತೋರಸ್ತೀರಿ?"

ಕೊನೆಗೆ ಸಂತೆಗೆ ಕುರಿ ಒಯ್ದು ಮರಳುತ್ತಿದ್ದ ಟೆಂಪೋದಲ್ಲಿ, ಕುರಿಯ ಗಂಜಳದಲ್ಲಿ ಕಾಲಿಟ್ಟುಕೊಂಡು ಗಾಡಿಯ ಜೊತೆ ಚಿದ್ರಿಗೆ ವಾಪಸು ಬಂದೆ. ಆ ಪಂಚಮಿ ತವರು ಕಾಣಲಿಲ್ಲ. ಡಬ್ಬಿಯೊಳಗಿನ ಉಂಡಿ ಒಡೆದಿರಲಿಲ್ಲ, ಅಷ್ಟೇ.

ಮರುದಿನ ಚಾಂದ್ ಉಸ್ತಾದರು ಮನೆಗೆ ಬಂದರು. ಹಳೆಯ ಗಾಡಿಗಳ ಮಿಸ್ತ್ರಿ, ನಮ್ಮವರ ಗೆಳೆಯರು. ಅವರು ಕಾರ್ಬೋರೇಟರ್ ಬಿಚ್ಚಿ, ಅದರೊಳಗಿನ ಹಿತ್ತಾಳೆಯ ಚಿಕ್ಕ ತೂತಿನ ಜೆಟ್ಟನ್ನು ಬೆಳಕಿಗೆ ಹಿಡಿದು ಹೌಹಾರಿದರು.

"ಸರ್, ಇದಕ್ಕ ಏನ್ ಹಾಕಿ ಸಾಫ್ ಮಾಡೀರಿ?"

ನಮ್ಮವರು ನನ್ನ ಸೀರೆಯ ಪಿನ್ನು ತೋರಿಸಿದರು. ಪಿನ್ನು ಹುಡುಕಿ ಹುಡುಕಿ ನಾನು ಸೋತಿದ್ದೆ.

"ತೋಬಾ! ತೂತು ದೊಡ್ಡದಾಗ್ಯದ ನೋಡ್ರಿ. ಹೊಸಾ ಜೆಟ್ ಹಾಕ್ತೇನಿ. ಖರೇ ಹೇಳಬೇಕಂದ್ರ ಇಷ್ಟು ದೊಡ್ಡ ತೂತಿದ್ರೂ ಈ ಗಾಡಿ ಭೂಕಿ ಅದ್ರಿ. ಪ್ಲಗ್ ಬೆಳ್ಳಗ ಆಗ್ಯದ. ಹೊಟ್ಟಿಗಿ ಪೆಟ್ರೋಲ್ ಸಿಗವಲ್ದು."

"ಉಪವಾಸ ನನ್ನದು, ಹಸಿವಿ ಗಾಡೀದು," ಅಂದೆ.

"ಶ್ರಾವಣ ಹಿಡದದ ಅದೂ, ಭಾಭಿ," ಅಂದರು ಉಸ್ತಾದರು.

ಹೊಸ ಜೆಟ್ಟು ಬಂತು. ಅಂಗಳದಲ್ಲಿ ಗಾಡಿ ಮತ್ತೆ ರೇಷ್ಮೆ. ಭಾಲ್ಕಿ ರಸ್ತೆಗೆ ಒಯ್ದರೆ ಒಂದಿಷ್ಟು ದೂರ ಹೋಗಿ ಮತ್ತೆ ಬಿಕ್ಕಿ ಸಾಯುವುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನೇ ಚಾಲೂ ಆಗುವುದು, ಮತ್ತೆ ಸಾಯುವುದು. ಒಂದು ದಿನ ಗಾಳಿಯ ಸ್ಕ್ರೂ, ಒಂದು ದಿನ ಸೂಜಿ, ಒಂದು ದಿನ ಪ್ಲಗ್. ಉಸ್ತಾದರು ಒಂದು ತಿರುವಿದರೆ ನಮ್ಮವರು ರಾತ್ರಿಯೊಳಗೆ ಇನ್ನೊಂದು ತಿರುವುತ್ತಿದ್ದರು. ಟಾಕಿ ನೋಡಿದಿರಾ ಅಂತ ಉಸ್ತಾದರು ಕೇಳಿದಾಗ, "ತುಕ್ಕಿಲ್ಲ, ಬ್ಯಾಟರಿ ಬೆಳಕ ಬಿಟ್ಟು ನೋಡೇನಿ. ಮ್ಯಾಲೆ ಹೊಸಾ ಮುಚ್ಚಳಾ ಹಾಕೇನಿ," ಅಂದರು ನಮ್ಮವರು. ಮಾತು ಅಲ್ಲಿಗೇ ನಿಂತಿತು.

ನಡುನಡುವೆ ಭಾವನವರ ಫೋನು. "ಏನಪಾ ತಮ್ಮಾ, ಭಂಗಾರದವಗ ಹೇಳಿ ಇಡ್ಲೇನು? ಅವಂದೂ ಹೊಟ್ಟಿ ಅದ." ಹೀಗೆ ಹೇಳಿ ಅತ್ತ ಕಡೆ ಪಿಚಕ್ ಎಂದು ಉಗುಳುವ ಸದ್ದು. ಫೋನಿನೊಳಗಿಂದ ಉಗುಳು ಬರುವುದಿಲ್ಲ, ಆದರೂ ನಾನು ಅದನ್ನು ಒರೆಸಿ ಇಡುತ್ತಿದ್ದೆ. ಫೋನು ಇಟ್ಟ ಮೇಲೆ ನಮ್ಮವರು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಪಕ್ಕ ಕೂತುಬಿಡುತ್ತಿದ್ದರು. ಒಂದು ಸಂಜೆ ಅಂದರು, "ಅಪ್ಪನ ಸೈಕಲ್ ಮಾರ್‍ಯಾರ, ಔಷಧದ ಪೆಟಗಿ ಒಡದಾರ. ಅವ ಮುಟ್ಟಿದ್ದು ಇದೊಂದೇ ಉಳದದ ನೋಡು." ಹೊಲಸು ಮೆತ್ತಿಕೊಂಡಿದ್ದ ಆ ಕೈಗಳನ್ನು ನೋಡಿದರೆ ಓಕರಿಕೆ ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಬೈಯದೆ ಸೋಪು ತಂದುಕೊಟ್ಟೆ.

ಪುಣ್ಯತಿಥಿಯ ಹಿಂದಿನ ಮಧ್ಯಾಹ್ನ ಅವರು ಟಾಕಿಯನ್ನೇ ಗಾಡಿಯಿಂದ ಎತ್ತಿದರು. ಬೇರೇನೂ ಬಿಚ್ಚಲು ಉಳಿದಿರಲಿಲ್ಲ. ನನ್ನ ಬಟ್ಟೆ ಒಗೆಯುವ ಬಕೆಟಿನಲ್ಲಿ ಪೆಟ್ರೋಲೆಲ್ಲ ಬೋರಲು ಸುರಿದರು. ಮೊದಲು ಪೆಟ್ರೋಲು ಬಂತು. ಟಾಕಿ ಅಲುಗಿಸಿ ಅಲುಗಿಸಿ ಸುರಿದ ಮೇಲೆ ಕೊನೆಗೆ ಬೂದು ಬಣ್ಣದ ಕೆಸರು ಬಂತು, ಅಂಬಲಿಯಂತೆ ಮಂದ, ನುಣ್ಣಗೆ. ಬಕೆಟಿನ ತಳಕ್ಕೆ ಹೋಗಿ ಕೂತಿತು. ಬಕೆಟ್ ಕಿತ್ತುಕೊಂಡು ಅಂಗಳಕ್ಕೆ ನಡೆದೆ. ಅಂಚಿಗೆ ಮೆತ್ತಿದ್ದು ಬೆರಳಿಗೆ ಹತ್ತಿತು. ಥೂ ಎಂದು ಒರೆಸಲು ಹೋದೆ, ಒಣಗಿ ಬೆಳ್ಳಗಾಯಿತು. ಬೆರಳು ಬೆರಳಿಗೆ ತಿಕ್ಕಿ ನೋಡಿದೆ.

"ರೀ, ಇದು ವಿಭೂತಿ."

"ಹುಚ್ಚಿ ಇದ್ದಿಯೇನು? ಧೂಳಿರ್ತದ, ಹೊಟ್ಟಿರ್ತದ."

"ಧೂಳು ಬೆರಳಿಗಿ ಚುಚ್ಚತದ್ರಿ. ದಿನಾ ಮೂರು ಬೆರಳೀಲೆ ಹಣಿಗಿ ಹಚ್ಚಕೋತೇನಿ, ನನಗ ತಿಳಿಯಂಗಿಲ್ಲೇನು?"

ಅವರೂ ಬೆರಳಿಂದ ಮುಟ್ಟಿದರು, ತಿಕ್ಕಿದರು. ಅವರ ಬಾಯಿಂದ ನಿಧಾನವಾಗಿ ಒಂದೇ ಮಾತು ಬಂತು: "ಅವ್ವ."

ನಮ್ಮ ಅತ್ತೆ ಮೆಹಕರದಲ್ಲಿ ಭಾವನವರ ಜೊತೆ ಇರುತ್ತಾರೆ. ಮಾವನವರು ಹಳ್ಳಿಗಳಿಗೆ ಹೊರಡುವಾಗ ಅತ್ತೆ ಅವರ ಅಂಗೈಯಲ್ಲಿ ವಿಭೂತಿ ಹಾಕಿ ಕಳಿಸುತ್ತಿದ್ದರೆಂದು ಎಲ್ಲರೂ ಬಲ್ಲರು. ಮಾವನವರು ಹೋದ ಮೇಲೆ ಸೋಮವಾರ ಸೋಮವಾರ ಕೊಟ್ಟಿಗೆಗೆ ಹೋಗಿ ಗಾಡಿಗೆ ಪೂಜೆ ಮಾಡುತ್ತಾರೆಂದೂ ಕೇಳಿದ್ದೆವು. ಜೋಳ ತುಂಬಿಡುವ ಹಗೇವಿನ ಬಾಯಿಗೆ, ಒಲೆಯ ಬಾಯಿಗೆ ವಿಭೂತಿ ಹಾಕುವವರು ಟಾಕಿಗೂ ಬಾಯಿ ಇದೆಯೆಂದು ಬಗೆದರೆ ಆಶ್ಚರ್ಯವೇನು? ಗಾಡಿ ನಿಂತಾಗ ತಳಕ್ಕೆ ಕೂತಿದ್ದ ವಿಭೂತಿ, ರಸ್ತೆಯಲ್ಲಿ ಕುಲುಕಿದ ಮೇಲೆ ಎದ್ದು ನಳಿಗೆ ಕಟ್ಟುತ್ತಿತ್ತು. ನಿಲ್ಲಿಸಿದರೆ ಮತ್ತೆ ಕೂರುತ್ತಿತ್ತು. ಕಾರ್ಬೋರೇಟರಿನ ಸ್ಕ್ರೂ ಎಷ್ಟು ತಿರುವಿದರೇನು?

ನನಗೆ ನಿಜವಾಗಿ ಅಸಹ್ಯವಾಯಿತು. ದೇವರನ್ನು ಸಿಕ್ಕ ಸಿಕ್ಕ ತೂತಿನಲ್ಲಿ ಸುರಿಯುವುದು ಭಕ್ತಿಯೇ? ಅಷ್ಟರಲ್ಲಿ ನಮ್ಮವರು ಬಕೆಟ್ ಎತ್ತಿ ಗಟಾರದ ಕಡೆ ಹೊರಟರು. ನಾನು ಅಡ್ಡ ನಿಂತೆ. ವಿಭೂತಿಯನ್ನು ಗಟಾರಕ್ಕೆ ಚೆಲ್ಲುವುದು ಹೇಗೆ? ಬಿಲ್ವದ ಬುಡಕ್ಕೆ ಹಾಕಿದರೆ ಪೆಟ್ರೋಲಿಗೆ ಗಿಡ ಸತ್ತೀತು. ಒಂದು ಹಂಚಿನಲ್ಲಿ ಹರವಿ ಕಂಪೌಂಡಿನ ಗೋಡೆಯ ಮೇಲಿಟ್ಟೆ. ಸಂಜೆ ಮಳೆ ಬಂದು ತಾನೇ ತೊಳೆದುಕೊಂಡು ಹೋಯಿತು. ನನ್ನ ಕೈಲಾಗದ್ದನ್ನು ಶಿವನೇ ಮಾಡಿಕೊಂಡ.

ಟಾಕಿ ತೊಳೆಯಲು, ಪೆಟ್ರೋಲು ಸೋಸಲು ನನ್ನ ಹಳೆಯ ನೂಲಿನ ಸೀರೆ ಹರಿದು ನಾನೇ ಕೊಟ್ಟೆ. ಉಸ್ತಾದರು ಬಂದು ಕಾರ್ಬೋರೇಟರ್ ಮತ್ತೊಮ್ಮೆ ತೊಳೆದು ಕೂರಿಸಿದರು. ಗಾಳಿಯ ಸ್ಕ್ರೂ ಹದಕ್ಕೆ ತಂದು, ಸ್ಕ್ರೂಡ್ರೈವರನ್ನು ತಮ್ಮ ಕಿಸೆಯಲ್ಲೇ ಹಾಕಿಕೊಂಡು ಹೋದರು. "ಇನ್ನ ಮುಟ್ಟಬ್ಯಾಡ್ರಿ ಸರ್. ಹದಾ ಬಂದ ಮ್ಯಾಲೆ ಕೈ ಕಟ್ಟಿ ಕೂಡೂದೂ ಒಂದು ಕೆಲಸಾನೇ."

ಮರುದಿನ ಪುಣ್ಯತಿಥಿಗೆ ಗಾಡಿಯ ಮೇಲೆ ಹೊರಟೆವು. ಭಾಲ್ಕಿ ಬಂತು, ಹೋಯಿತು. ನಾನು ಹಿಂದೆ ಕೂತು ಪಂಚಾಕ್ಷರಿ ಜಪಿಸುತ್ತಿದ್ದೆ. ಎಲ್ಲಿ ಬಿಕ್ಕುತ್ತದೋ ಎಂದು ಪ್ರತಿ ಏರಿನಲ್ಲೂ ಕಿವಿಗೊಟ್ಟೆ. ಬಿಕ್ಕಲಿಲ್ಲ. ಮೆಹಕರದ ಓಣಿ ಹೊಕ್ಕಾಗ ಭಾವನವರ ಬಾಗಿಲಲ್ಲಿ ಭಂಗಾರದವನ ಆಟೋ ನಿಂತಿದ್ದು ಕಂಡಿತು. ತಂದೆಯ ಪುಣ್ಯತಿಥಿಯ ದಿನ, ಹೂವಿಗೆ ಮೊದಲು ಭಂಗಾರದವನನ್ನು ಕರೆಸಿದ್ದರು! ಬೀಗರು, ಊರವರು ಎಲ್ಲ ಕಟ್ಟೆಯ ಮೇಲೆ ಸೇರಿದ್ದರು. ನಮ್ಮವರು ಗಾಡಿ ಬಂದ್ ಮಾಡಲಿಲ್ಲ. ಬಾಗಿಲಿಗೆ ತಂದು ನಿಲ್ಲಿಸಿ, ಕೈ ಬಿಟ್ಟು ಕೆಳಗಿಳಿದರು. ಯಾರೂ ಹಿಡಿಯದೆ ಗಾಡಿ ತನ್ನಷ್ಟಕ್ಕೆ ಸಮನಾಗಿ ಸದ್ದು ಮಾಡುತ್ತ ನಿಂತಿತ್ತು. ಭಂಗಾರದವನೇ ಮೊದಲು ಅಂದ, "ವಾಹ್ ಸಾಹೇಬ್ರ!"

ಭಾವನವರು ಗಾಡಿಯ ಸುತ್ತ ತಿರುಗಿದರು. ಸೀಟಿನ ಮೇಲೆ ಕೈಯಾಡಿಸಿದರು. ಮೂಲೆಗೆ ಹೋಗಿ ಉಗುಳಿ ಬಂದರು. "ಛಲೋ ಆಯ್ತು. ಓಡ್ತದಂದ್ರ ಇಲ್ಲೇ ಇರಲಿ ಬಿಡು. ಹೊಲಕ್ಕ ಹೋಗಲಿಕ್ಕಿ ನನಗೂ ಬೇಕಾಗಿತ್ತು. ಅಪ್ಪನ ಗಾಡಿ ಅಪ್ಪನ ಮನ್ಯಾಗ ಶೋಭಾ."

"ಅಣ್ಣಾ, ಮದಿವ್ಯಾಗ ಎಲ್ಲಾರ ಎದುರಿಗಿ..."

"ಮದಿವ್ಯಾಗ ಮಂದಿ ಏನೇನೋ ಅಂತಾರ."

ಕಟ್ಟೆಯ ಮೇಲಿದ್ದವರು ತಲೆ ತಗ್ಗಿಸಿದರು. ಮದುವೆಯಲ್ಲಿ ಆ ಪಂದ್ಯದ ಮಾತು ಕೇಳಿದವರು ಅವರೇ. ಶ್ರಾವಣವೆಲ್ಲ ನಾನು ಪಟ್ಟ ಹೇಸಿಗೆಯೆಲ್ಲ ಒಂದು ತೂಕ, ಆ ಗಳಿಗೆಯ ಹೇಸಿಗೆ ಒಂದು ತೂಕ. ಕರಿ ಜಿಡ್ಡನ್ನಾದರೂ ಸೋಪು ಹಾಕಿ ತೊಳೆಯಬಹುದು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಗಾಡಿಯ ಸದ್ದಿಗೇ ಬಂದಿದ್ದರು. ಕೈಯಲ್ಲಿ ವಿಭೂತಿಯ ಉಂಡೆ. ನೇರ ಟಾಕಿಗೆ ಹೋಗಿ ಹೊಸ ಮುಚ್ಚಳ ತಿರುವಲು ಹತ್ತಿದರು. ನಾನು ಓಡಿ ಅವರ ಮುಂಗೈ ಹಿಡಿದುಕೊಂಡೆ. ಪುಣ್ಯತಿಥಿಯ ದಿನ ಸೊಸೆ ಅತ್ತೆಯ ವಿಭೂತಿಯ ಕೈ ಹಿಡಿದದ್ದು ಕಂಡು ಜನ ಹಾ ಎಂದರು.

"ಅತ್ತಿ, ಹಣಿಗಿ ಹಚ್ರಿ, ಬಾಯಾಗ ಹಾಕಬ್ಯಾಡ್ರಿ. ನೀವು ಸೋಮವಾರಕ್ಕೊಮ್ಮೆ ಹಾಕಿದ್ದೆಲ್ಲಾ ಹೊಟ್ಟ್ಯಾಗ ಕುಂತಿತ್ರಿ. ಅದಕ್ಕೇ ದಾರ್‍ಯಾಗ ದಾರ್‍ಯಾಗ ಸಾಯ್ತಿತ್ತು."

ಅತ್ತೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. "ನಾ ಹಾಕಿದ್ದಕ್ಕ ನಿಂತಿತ್ತೇನು?"

"ಹೌಂದವ್ವ," ಅಂದರು ನಮ್ಮವರು ಮೆಲ್ಲಗೆ.

ಅತ್ತೆಗೆ ಕಣ್ಣೀರು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅವರು ಹಿರಿಮಗನ ಕಡೆ ತಿರುಗಿದರು. "ಗಾಡಿ ಇಲ್ಲೇ ಇರಲಿ ಅಂದೆಲ್ಲಾ, ಇರಲಿ. ಸೋಮವಾರ ಬರಲಿ, ನಾ ಮತ್ತ ಹಾಕ್ತೇನಿ. ಇಷ್ಟ ದಿನ ಒಂದು ಚಿಟಿಕಿ ಹಾಕ್ತಿದ್ದೆ. ಇನ್ನ ಮ್ಯಾಲೆ ಉಂಡೀನೇ ಹಾಕ್ತೇನಿ. ಕೈ ಹಿಡಿಯೂ ಸೊಸಿ ಚಿದ್ರ್ಯಾಗ ಇರ್ತಾಳ."

ಕಟ್ಟೆಯ ಮೇಲೆ ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಎಲ್ಲರೂ ನಕ್ಕರು. ಭಾವನವರ ಮುಖ ಕೆಳಗಿಳಿಯಿತು. ಮಾತಾಡುವಾಗ ಅವರ ಪೂರ್ತಿ ಮುಖ ನಾನು ನೋಡಿದ್ದು ಅಂದೇ. "ಒಯ್ಯಿ ಮಾರಾಯಾ, ಒಯ್ಯಿ," ಅಂದರು.

ಪೂಜೆ ಆಯಿತು. ಹೋಳಿಗೆಯನ್ನು ಭಾವನವರೇ ಬಡಿಸಿದರು, ತಮ್ಮನ ಮುಖ ನೋಡದೆ. ನನ್ನ ಮನಸ್ಸು ಒಲ್ಲೆ ಅನ್ನುತ್ತಿತ್ತು, ಮಾವನವರ ಪ್ರಸಾದವೆಂದು ಕೈ ಮುಗಿದು ಉಂಡೆ.

ಹೊರಡುವಾಗ ಒಂದೇ ಒದೆಗೆ ಗಾಡಿ ಚಾಲೂ ಆಯಿತು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅತ್ತೆ, ಭಾವನವರು ಇಬ್ಬರೂ ಬಾಗಿಲಲ್ಲಿ ನಿಂತು ನಮ್ಮ ಕಡೆ ಕಿವಿಗೊಟ್ಟಿದ್ದರು. ಒಬ್ಬರು ನಿಲ್ಲದಿರಲಿ ಅಂತ, ಇನ್ನೊಬ್ಬರು ನಿಲ್ಲಲಿ ಅಂತ. ಊರ ಹೊರಗಿನ ಏರು ಹತ್ತುವವರೆಗೂ ನಾನು ಉಸಿರು ಬಿಡಲಿಲ್ಲ. ಗಾಡಿ ಏರು ಹತ್ತಿತು, ಇಳಿಯಿತು, ಭಾಲ್ಕಿಯ ರಸ್ತೆ ಹಿಡಿಯಿತು.